ಕವಲು ಕಥೆ ಮತ್ತು ಮೂಲದ ಬಾಕಿ

ಕಳೆದ ಆಷಾಢದಲ್ಲಿ ಸಾಗರದಿಂದ ಶಿವಮೊಗ್ಗಕ್ಕೆ ಬರುವ ಬಸ್ಸಿನಲ್ಲಿ, ಕಿಟಕಿಯ ಸಂದಿಯಿಂದ ಮಳೆನೀರು ತೊಡೆಯ ಮೇಲೆ ತೊಟ್ಟಿಕ್ಕುತ್ತಿದ್ದರೂ ಲೆಕ್ಕಿಸದೆ, ನನ್ನ ಚಿಕ್ಕಪ್ಪನ ಮಗ ಒಂದು ಮಾತನ್ನು ಸಾಧಿಸುತ್ತಲೇ ಬಂದ. ‘ಸ್ಟಾರ್ ವಾರ್ಸ್’ ಎಂಬ ಬಾಹ್ಯಾಕಾಶ ಸಾಹಸ ಸರಣಿಯ ಮೂಲ ಚಿತ್ರಗಳಿಗಿಂತ, ಅವುಗಳ ಕಥೆಯನ್ನು ಬೇರೆ ದಾರಿಗೆ ತಿರುಗಿಸಿ ಬರೆದ ‘ಇನ್ಫಿನಿಟೀಸ್’ ಕಾಮಿಕ್ಸೇ ಮೇಲು ಎಂಬುದು ಅವನ ವಾದ. “ಮೂಲದಲ್ಲಿ ಯಾರು ಗೆಲ್ತಾರೆ ಅಂತ ಮೊದಲೇ ಗೊತ್ತಿರ್ತದೆ ಅಣ್ಣಯ್ಯ, ಇದ್ರಲ್ಲಿ ಯಾರು ಬೇಕಾದ್ರೂ ಸಾಯಬಹುದು” ಎಂದ. ಆನಂದಪುರ ದಾಟುವವರೆಗೆ ನಾನು ಸುಮ್ಮನಿದ್ದೆ. ಕುಂಸಿಯ ಹೊತ್ತಿಗೆ ಅದು ಜಗಳವೇ ಆಯಿತು. ಅಂದು ಏರುದನಿಯಲ್ಲಿ ಸರಿಯಾಗಿ ಹೇಳಲಾಗದ್ದನ್ನು ಇಲ್ಲಿ ಸಮಾಧಾನದಿಂದ ಬರೆಯುತ್ತಿದ್ದೇನೆ.

1977ರ ಮೊದಲ ಚಿತ್ರದ ಕೊನೆಯಲ್ಲಿ ಬಂಡುಕೋರರ ಪಕ್ಷದ ಲ್ಯೂಕ್ ಬಿಟ್ಟ ಟಾರ್ಪಿಡೊ, ಚಕ್ರವರ್ತಿಯ ಡೆತ್ ಸ್ಟಾರ್ ಎಂಬ ದೈತ್ಯ ಯುದ್ಧನೆಲೆಯನ್ನು ಸಿಡಿಸುತ್ತದೆ. 2001ರಲ್ಲಿ ಡಾರ್ಕ್ ಹಾರ್ಸ್ ಪ್ರಕಾಶನ ನಾಲ್ಕು ಸಂಚಿಕೆಗಳಲ್ಲಿ ಹೊರತಂದ ಕಾಮಿಕ್ಸ್‌ನಲ್ಲಿ ಅದೇ ಟಾರ್ಪಿಡೊ ಕೈಕೊಡುತ್ತದೆ. ಬಂಡುಕೋರರು ಸೋಲುತ್ತಾರೆ, ಸೆರೆಯಾದ ಅವರ ನಾಯಕಿ ಲೀಯಾ ಚಕ್ರವರ್ತಿಯ ಪಕ್ಷಕ್ಕೆ ವಾಲುತ್ತಾಳೆ, ಲ್ಯೂಕ್ ಮುದಿ ಗುರು ಯೋಡಾನ ಬಳಿ ಶಿಷ್ಯನಾಗಿ ವರ್ಷಗಳನ್ನು ಕಳೆಯುತ್ತಾನೆ. ಇಲ್ಲಿಯವರೆಗೆ ಕುತೂಹಲಕ್ಕೇನೂ ಕೊರತೆಯಿಲ್ಲ. ಆದರೆ ನಾಲ್ಕನೆಯ ಸಂಚಿಕೆ ಮುಗಿಯುವಷ್ಟರಲ್ಲಿ ಲೀಯಾ ಮರಳಿ ಬಂದಿರುತ್ತಾಳೆ, ಚಕ್ರವರ್ತಿಯ ಬಲಗೈಯಾದ ವೇಡರ್‌ನ ಮನಸ್ಸು ತಿರುಗಿರುತ್ತದೆ, ಚಕ್ರವರ್ತಿ ಸತ್ತಿರುತ್ತಾನೆ. ಆಗುಂಬೆ ಘಾಟಿಯಲ್ಲಿ ಇಳಿದರೂ ಹುಲಿಕಲ್ ಘಾಟಿಯಲ್ಲಿ ಇಳಿದರೂ ಕೊನೆಗೆ ಸಿಗುವುದು ಅದೇ ಕಡಲು ಎಂಬಂತಾಯಿತು. ಮೂಲ ಚಿತ್ರದ ಆ ಟಾರ್ಪಿಡೊ ಯಾರಿಗೂ ಏನನ್ನೂ ಬಾಕಿ ಉಳಿಸಿರಲಿಲ್ಲ. ಆದ್ದರಿಂದ ಅದನ್ನು ಗುರಿತಪ್ಪಿಸಿದ್ದರಿಂದ ದಾರಿ ಬೇರೆಯಾಯಿತೇ ಹೊರತು ಕಥೆ ಬೆಳೆಯಲಿಲ್ಲ.

ಬಾಕಿ ಎಂಬ ಮಾತನ್ನು ನಾನು ಯೋಚಿಸಿಯೇ ಬಳಸುತ್ತಿದ್ದೇನೆ. 1987ರಲ್ಲಿ ಆರಂಭವಾದ ‘ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಷನ್’ ಧಾರಾವಾಹಿಯ ಮೊದಲ ಆವೃತ್ತಿಯಲ್ಲೇ, ಎಂಟರ್‌ಪ್ರೈಸ್ ಎಂಬ ಅಂತರಿಕ್ಷ ನೌಕೆಯ ಭದ್ರತಾ ಅಧಿಕಾರಿ ಟಾಶಾ ಯಾರ್ ಪಾತ್ರವನ್ನು, ಆ ನಟಿ ಹೊರಡಲು ನಿರ್ಧರಿಸಿದ್ದರಿಂದ, ಮುಗಿಸಬೇಕಾಯಿತು. ಡಾಂಬರಿನಂಥ ಒಂದು ಜೀವಿ ಅವಳನ್ನು ಎತ್ತಿ ಎಸೆಯುತ್ತದೆ, ಅವಳು ಸಾಯುತ್ತಾಳೆ, ಅಷ್ಟೆ. ಹೋರಾಟವಿಲ್ಲ, ಕಾರಣವಿಲ್ಲ. ಸಾವುಗಳು ಲೋಕದಲ್ಲಿ ಹಾಗೆಯೇ ಆಗುತ್ತವೆ ಎಂದು ಸಮರ್ಥಿಸುವವರಿದ್ದಾರೆ, ಆದರೆ ನೋಡುಗನ ಮನಸ್ಸಿನಲ್ಲಿ ಅದು ತೀರದ ಲೆಕ್ಕವಾಗಿಯೇ ಉಳಿದಿತ್ತು. 1990ರ ‘ಯೆಸ್ಟರ್‌ಡೇಸ್ ಎಂಟರ್‌ಪ್ರೈಸ್’ ಕಂತು ಆ ಲೆಕ್ಕವನ್ನು ತೆಗೆದುಕೊಂಡಿತು. ಇಪ್ಪತ್ತೆರಡು ವರ್ಷ ಹಿಂದಿನ ಎಂಟರ್‌ಪ್ರೈಸ್ ನೌಕೆಯೊಂದು ಕಾಲದ ಬಿರುಕಿನಿಂದ ಈಚೆಗೆ ಬರುತ್ತಲೇ ಸುತ್ತಲಿನ ಲೋಕವೇ ಬದಲಾಗುತ್ತದೆ: ಕ್ಲಿಂಗಾನರೆಂಬ ಅನ್ಯಗ್ರಹದವರ ಜೊತೆ ಯುದ್ಧ, ಅದರಲ್ಲಿ ಸೋಲು ಹತ್ತಿರ, ಮತ್ತು ಟಾಶಾ ಯಾರ್ ಜೀವಂತ. ಏನೋ ಸರಿಯಿಲ್ಲ ಎಂದು ಅರಿವಾಗುವುದು ನೌಕೆಯ ಪಾನಗೃಹ ನೋಡಿಕೊಳ್ಳುವ ಗೈನನ್ ಒಬ್ಬಳಿಗೆ ಮಾತ್ರ. ಹಳೆಯ ನೌಕೆ ತನ್ನ ಕಾಲಕ್ಕೆ ಮರಳಿದರಷ್ಟೇ ಲೋಕ ಸರಿಹೋಗುವುದು, ಆದರೆ ಮರಳಿದವರಿಗೆ ಸಾವೇ ಗತಿ. ನಾನು ನಿಜದಲ್ಲಿ ಹೇಗೆ ಸತ್ತೆ ಎಂದು ಟಾಶಾ ಕೇಳಿದಾಗ, ಅದೊಂದು ಅರ್ಥವಿಲ್ಲದ ಸಾವಾಗಿತ್ತು ಎಂಬುದನ್ನು ಗೈನನ್ ಅವಳಿಂದ ಬಚ್ಚಿಡುವುದಿಲ್ಲ. ಅದನ್ನು ಕೇಳಿಸಿಕೊಂಡ ಟಾಶಾ ಹಳೆಯ ನೌಕೆಯೊಂದಿಗೆ ಗತಕಾಲಕ್ಕೆ ಮರಳುವುದಾಗಿ ತಾನೇ ಕೇಳಿಕೊಂಡು, ನರೇಂದ್ರ-3 ಎಂಬ ಕ್ಲಿಂಗಾನ್ ನೆಲೆಯ ರಕ್ಷಣೆಗೆ (ಹೆಸರು ನನ್ನದಲ್ಲ, ಅವರೇ ಇಟ್ಟದ್ದು) ಹೊರಟುಬಿಡುತ್ತಾಳೆ. ಎಲ್ಲವೂ ಮೊದಲಿನಂತಾದ ಮೇಲೆ, ಯಾರಿಗೂ ಏನೂ ನೆನಪಿಲ್ಲದ ನೌಕೆಯಲ್ಲಿ, ಗೈನನ್ ನೌಕೆಯ ಎಂಜಿನಿಯರ್ ಜೋರ್ಡಿಯ ಎದುರು ಕುಳಿತು ಟಾಶಾ ಯಾರ್ ಬಗ್ಗೆ ಹೇಳು ಎನ್ನುತ್ತಾಳೆ. ಮೊದಲನೆಯ ಸಾವನ್ನು ಅಳಿಸದೆ, ಅದರ ಒಂದು ಗೆರೆಯನ್ನೂ ತಿದ್ದದೆ, ಅದರ ಭಾರವನ್ನಷ್ಟೇ ಬದಲಿಸಿದ ಕೆಲಸ ಇದು.

ಇದು ಧಾರಾವಾಹಿಯೊಳಗಿನದೇ ಕಂತು, ಪರವಾನಗಿ ಪಡೆದು ಹೊರಗಿನವರು ಬರೆದ ಟೈ-ಇನ್ ಕಥೆಯಲ್ಲ ಎಂಬುದು ನಿಜ. ಆದರೂ ಕವಲು ಕಥೆಗಳನ್ನೆಲ್ಲ ನಾನು ಅಳೆಯುವುದು ಇದೇ ಸೇರಿನಿಂದ. ತೀರಿದ ಲೆಕ್ಕವನ್ನು ಮತ್ತೆ ತೆರೆದರೆ ಏನಾಗುತ್ತದೆ ಎಂಬುದನ್ನೂ ಅದೇ ಧಾರಾವಾಹಿ ತೋರಿಸಿತು. 1991ರಲ್ಲಿ ಟಾಶಾಳ ಮಗಳೆಂದು ಶತ್ರುಪಕ್ಷವಾದ ರೋಮುಲನ್ನರ ಅಧಿಕಾರಿಣಿ ಸೀಲಾ ಬಂದಳು. ತಾಯಿ ಅಂದು ಸಾಯಲಿಲ್ಲ, ಸೆರೆಯಾಗಿ, ಮುಂದೆ ತಪ್ಪಿಸಿಕೊಳ್ಳಲು ಹೋಗಿ ಮರಣದಂಡನೆಗೆ ಗುರಿಯಾದಳು ಎಂಬ ಸುದ್ದಿಯನ್ನೂ ತಂದಳು. ನನ್ನ ಮಟ್ಟಿಗೆ ಆ ಕಂತು ನಡೆದೇ ಇಲ್ಲ.

ನಮ್ಮ ಕಡೆಯವರಿಗೆ ಈ ವಿದ್ಯೆ ಹೊಸದೇನೂ ಅಲ್ಲ. ನಾಗಚಂದ್ರನ ಜೈನ ರಾಮಾಯಣದಲ್ಲಿ ರಾವಣನನ್ನು ಕೊಲ್ಲುವವನು ರಾಮನಲ್ಲ, ಲಕ್ಷ್ಮಣ. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಕುವೆಂಪು ತಮ್ಮ ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ಸೀತೆಯೊಬ್ಬಳನ್ನೇ ಬೆಂಕಿಗೆ ಕಳಿಸಲಿಲ್ಲ, ರಾಮನೂ ಅಗ್ನಿಯನ್ನು ಪ್ರವೇಶಿಸುತ್ತಾನೆ. ಸೀತೆಯ ಅಗ್ನಿಪ್ರವೇಶಕ್ಕಿಂತ ದೊಡ್ಡ ಬಾಕಿ ನಮ್ಮ ಕಥೆಗಳಲ್ಲಿ ಯಾವುದಿದೆ? ಅದನ್ನು ಕಂಡವರು ಬರೆದದ್ದರಿಂದ ಆ ಬದಲಾವಣೆಯನ್ನು ಯಾರೂ ಚಮತ್ಕಾರವೆಂದು ಓದುವುದಿಲ್ಲ.

ಇದಕ್ಕೆ ಪಕ್ಕದಲ್ಲೇ ಇಡಬೇಕಾದದ್ದು ತಾಳಮದ್ದಳೆ. ಚಿಕ್ಕಂದಿನಲ್ಲಿ ನಮ್ಮೂರ ದೇವಸ್ಥಾನದ ಚಂದ್ರಶಾಲೆಯಲ್ಲಿ, ಕಂಬಳಿ ಹೊದ್ದು ಕುಳಿತು, ವಾಲಿವಧೆ ಕೇಳಿದ್ದು ಇನ್ನೂ ನೆನಪಿದೆ. ವಾಲಿಯ ಅರ್ಥ ಹೇಳುತ್ತಿದ್ದವರು ಹೆಗಲ ಶಾಲನ್ನು ಸರಿಪಡಿಸಿಕೊಳ್ಳುತ್ತ, ಒಂದೂ ಮಾತನ್ನು ಏರಿಸದೆ, ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ಎಷ್ಟು ಇಕ್ಕಟ್ಟಿಗೆ ತಂದರೆಂದರೆ, ರಾಮನ ಪಾತ್ರಧಾರಿ ಒಂದು ಗಳಿಗೆ ನಿಜವಾಗಿಯೇ ಉತ್ತರ ಹುಡುಕಿದರು. ಈ ಸಲ ವಾಲಿ ಎದ್ದು ಕಿಷ್ಕಿಂಧೆಗೆ ನಡೆದುಹೋಗುತ್ತಾನೆ ಎಂದೇ ನನಗನ್ನಿಸಿತ್ತು. ಭಾಗವತರು ತಾಳ ಕುಟ್ಟಿ ಮುಂದಿನ ಪದ್ಯವನ್ನೆತ್ತಿದರು, ವಾಲಿ ಸತ್ತ. ಪದ್ಯ ಬದಲಾಗದು, ಅರ್ಥಕ್ಕೆ ಮಾತ್ರ ಮಿತಿಯಿಲ್ಲ. ಕವಲು ಕಥೆ ಬರೆಯುವವರು ಪದ್ಯವನ್ನೇ ತಿದ್ದುವ ಸಲಿಗೆ ಪಡೆದವರು. ಅಷ್ಟು ಸಲಿಗೆ ಸಿಕ್ಕ ಮೇಲೂ ಆ ಅರ್ಥಧಾರಿಯಷ್ಟು ನಮ್ಮನ್ನು ಅಲುಗಾಡಿಸಲಾಗದಿದ್ದರೆ ತಪ್ಪು ಯಾರದೆಂದು ಕೇಳಬೇಕಾಗುತ್ತದೆ.

ತಮ್ಮನ ವಾದವನ್ನು ಪೂರ್ತಿ ತಳ್ಳಿಹಾಕಲಾಗದಂತೆ ಮಾಡುವ ಉದಾಹರಣೆಯೊಂದಿದೆ. ಸ್ಟಾರ್ ಟ್ರೆಕ್ ಕಾದಂಬರಿಗಳು 2001ರಿಂದ ಸುಮಾರು ಇಪ್ಪತ್ತು ವರ್ಷ, ಒಂದಕ್ಕೊಂದು ಹೆಣೆದುಕೊಂಡು, ತೆರೆಯ ಮೇಲೆ ನಿಂತುಹೋಗಿದ್ದ ಕಥೆಯನ್ನು ಮುಂದುವರಿಸಿದವು. ಅವುಗಳಲ್ಲಿ ಎಂಟರ್‌ಪ್ರೈಸ್‌ನ ಕಪ್ತಾನ ಪಿಕಾರ್ಡ್ ನೌಕೆಯ ವೈದ್ಯೆ ಬೆವರ್ಲಿಯನ್ನು ಮದುವೆಯಾದ, ಮಗನಿಗೆ ರೆನೆ ಎಂದು ಹೆಸರಿಟ್ಟ, ನೌಕೆಯಲ್ಲೇ ಸಂಸಾರ ಹೂಡಿದ. 2020ರಲ್ಲಿ ‘ಪಿಕಾರ್ಡ್’ ಧಾರಾವಾಹಿ ಬಂದಾಗ ಅವನು ದ್ರಾಕ್ಷಿ ತೋಟದಲ್ಲಿ ಒಂಟಿ ಮುದುಕ. ನಾವು ಹೆದ್ದಾರಿಯೆಂದು ನಂಬಿ ನಡೆದದ್ದು ರಾತ್ರಿ ಕಳೆಯುವುದರೊಳಗೆ ಕಾಲುದಾರಿಯಾಗಿತ್ತು. 1964ರಲ್ಲಿ ಲಿಂಗನಮಕ್ಕಿ ಬಂದಾಗ ಅದಕ್ಕೂ ಹಿಂದಿನ ಹಿರೇಭಾಸ್ಕರ ಅಣೆಕಟ್ಟು ಮಡೆನೂರಿನಲ್ಲಿ ಇಡಿಯಾಗಿ ಮುಳುಗಿತು. ಶರಾವತಿ ತೀರಾ ಇಳಿದ ಬೇಸಿಗೆಯಲ್ಲಿ ಅದು ಮೇಲೆದ್ದಾಗ ನೋಡಲು ಜನ ಹೋಗುತ್ತಾರೆ. ನನ್ನ ಕಪಾಟಿನ ಆ ಕಾದಂಬರಿಗಳನ್ನು ನೋಡಿದಾಗ ನನಗೆ ನೆನಪಾಗುವುದು ಆ ಕಟ್ಟಡ.

ಕಾದಂಬರಿಕಾರರು ಮುನಿಸಿಕೊಂಡು ಕೂರಲಿಲ್ಲ. 2021ರಲ್ಲಿ ಡೇಟನ್ ವಾರ್ಡ್, ಜೇಮ್ಸ್ ಸ್ವಾಲೋ ಮತ್ತು ಡೇವಿಡ್ ಮ್ಯಾಕ್ ಒಂದೊಂದು ಪುಸ್ತಕ ಬರೆದು ‘ಕೋಡಾ’ ಎಂಬ ತ್ರಿವಳಿಯನ್ನು ತಂದರು. ಅದರಲ್ಲಿ ಪಿಕಾರ್ಡ್ ಮತ್ತು ಅವನ ಸಂಗಡಿಗರಿಗೆ, ತಾವು ಬದುಕುತ್ತಿರುವುದೇ ಒಂದು ಕವಲು, ಉಳಿದ ಲೋಕಗಳು ಉಳಿಯಬೇಕಾದರೆ ಇದು ಆರಿಹೋಗಬೇಕು ಎಂದು ತಿಳಿಯುತ್ತದೆ. ತಿಳಿದೂ ಆ ಕೆಲಸಕ್ಕೆ ಅವರೇ ಕೈಹಾಕುತ್ತಾರೆ. ಸಾವುಗಳು ತುಸು ಹೆಚ್ಚಾದವು ಎಂಬ ತಕರಾರು ನನಗಿದೆ, ಆದರೆ ಇಲ್ಲಿ ತೀರಿಸಿದ್ದು ಮೂಲದ ಬಾಕಿಯನ್ನಲ್ಲ, ಇಪ್ಪತ್ತು ವರ್ಷ ಜೊತೆಗಿದ್ದ ಓದುಗರ ಬಾಕಿಯನ್ನು. ಈ ಒಂದು ಕಡೆ ಕವಲು ಮೂಲವನ್ನು ಮೀರಿಸಿತು ಎಂದು ನಾನು ಒಪ್ಪುತ್ತೇನೆ.

ಒಪ್ಪಿದ ಮೇಲೆ ಆ ಮೂರೂ ಪುಸ್ತಕಗಳನ್ನು ತಮ್ಮನಿಗೆ ಕೊಟ್ಟು ಕಳಿಸಿದೆ. ಹದಿನೈದು ದಿನ ಬಿಟ್ಟು ಫೋನ್ ಮಾಡಿದ. ಮೊದಲನೆಯದರಲ್ಲೇ ನಿಂತಿದ್ದಾನಂತೆ, ಹಿಂದಿನ ಕಾದಂಬರಿಗಳನ್ನು ಓದದೆ ಅದರಲ್ಲಿ ಯಾರು ಸತ್ತರೂ ಏನೂ ಅನ್ನಿಸುವುದಿಲ್ಲ ಎಂದ. “ಇನ್ಫಿನಿಟೀಸ್ ಓದೋ ಮೊದಲು ಸಿನಿಮಾ ಎಷ್ಟು ಸಲ ನೋಡಿದ್ದೆ?” ಎಂದು ಕೇಳಿದೆ. ಕೊಟ್ಟಿಗೆಯಲ್ಲಿ ಕೆಲಸವಿದೆ ಎಂದು ಫೋನ್ ಇಟ್ಟುಬಿಟ್ಟ.