ಆಕ್ಷೇಪಣೆ ಬಾರದ ದಿನ

ನನ್ನ ಹೆಂಡತಿ ಸರ್ಕಾರಿ ಶಾಲೆಯಲ್ಲಿ ಶಿಕ್ಷಕಿಯಾಗಿದ್ದಳು. ಅರವತ್ತು ತುಂಬಿದ ತಿಂಗಳ ಕೊನೆಯ ದಿನ ಹಾರ, ಶಾಲು, ಫಲತಾಂಬೂಲ ಹಿಡಿದು ಮನೆಗೆ ಬಂದವಳು ಮರುದಿನ ಎಂಟು ಗಂಟೆಯವರೆಗೆ ಮಲಗಿದಳು. ನನಗೆ ಅಂಥ ತಾರೀಕಿಲ್ಲ, ನಾನು ವಕೀಲ. ನಾನು ಯಾರೆದುರು ನಿಂತು ವಾದಿಸುತ್ತೇನೋ ಆ ನ್ಯಾಯಾಧೀಶರಿಗೆ 60ಕ್ಕೆ ನಿವೃತ್ತಿ, ಹೈಕೋರ್ಟಿನವರಿಗೆ 62, ಸುಪ್ರೀಂ ಕೋರ್ಟಿನವರಿಗೆ 65. ವಕೀಲನಿಗೆ ಮಾತ್ರ ನಾಲಿಗೆ ಹೊರಳುವವರೆಗೆ. ರಾಮ್ ಜೇಠ್ಮಲಾನಿ 2017ರಲ್ಲಿ ವೃತ್ತಿಗೆ ವಿದಾಯ ಹೇಳಿದಾಗ ಅವರಿಗೆ 94 ತುಂಬಲು ಕೆಲವೇ ದಿನವಿತ್ತು. ನಮ್ಮ ವಕೀಲರ ಸಂಘದ ಕೊಠಡಿಯಲ್ಲಿ ವಯಸ್ಸಾದವರೆಲ್ಲ ಈ ಉದಾಹರಣೆಯನ್ನು ಊರುಗೋಲಿನಂತೆ ಬಳಸುತ್ತಾರೆ. ನಾನೂ ಬಳಸಿದ್ದೇನೆ.

ಸನ್ನದು ಪಡೆದದ್ದು 1983ರಲ್ಲಿ. ಅಂದಿನಿಂದ ಶಿವಮೊಗ್ಗ ಜಿಲ್ಲೆಯ ಒಂದೇ ತಾಲ್ಲೂಕು ಕೋರ್ಟು, ಒಂದೇ ಬೀದಿಯ ಕಚೇರಿ, ಬಹುಪಾಲು ಜಮೀನಿನ ವ್ಯಾಜ್ಯ. ಕಳೆದ ಆಗಸ್ಟಿನಲ್ಲಿ ಒಂದು ಗಡಿ ತಕರಾರಿನ ದಾವೆಯಲ್ಲಿ ಎದುರು ಪಕ್ಷದ ಸಾಕ್ಷಿಗೆ ಪಾಟೀಸವಾಲು ಮಾಡುತ್ತಿದ್ದೆ. "ತೋಟದ ಪಶ್ಚಿಮಕ್ಕಿರುವ ಅಗಳವನ್ನು ತೋಡಿಸಿದ್ದು ಯಾರು?" ಎಂದೆ. "ನಮ್ಮ ಅಪ್ಪ" ಎಂದ ಸಾಕ್ಷಿ. ಹತ್ತು ನಿಮಿಷ ಕಳೆದಿರಬೇಕು. "ತೋಟದ ಪಶ್ಚಿಮಕ್ಕಿರುವ ಅಗಳವನ್ನು ತೋಡಿಸಿದ್ದು ಯಾರು?" ಎಂದೆ.

ಬೆರಳಚ್ಚುಗಾರ್ತಿಯ ಕೈ ನಿಂತಿತು. ಸಾಕ್ಷಿ ಒಮ್ಮೆ ನ್ಯಾಯಾಧೀಶರತ್ತ, ಒಮ್ಮೆ ನನ್ನತ್ತ ನೋಡಿ, "ಆಗಲೇ ಹೇಳಿದೆನಲ್ಲ ಸ್ವಾಮಿ, ನಮ್ಮ ಅಪ್ಪ" ಎಂದ. ಕೇಳಿದ್ದನ್ನೇ ತಿರುಗಿಸಿ ಕೇಳಿ ಸಾಕ್ಷಿಯನ್ನು ಕೆಡವುವುದು ನಮ್ಮ ಹಳೆಯ ವರಸೆ. ಹಾಗೆಂದೇ ಕೇಳಿದವನಂತೆ ಮುಖ ಮಾಡಿಕೊಂಡು ಮುಂದುವರಿದೆ. ಆದರೆ ಎದುರು ಪಕ್ಷದ ವಕೀಲ ಕುರ್ಚಿಯಿಂದ ಏಳಲೇ ಇಲ್ಲ. ಅವನು ಎಂಟು ವರ್ಷ ನನ್ನ ಕಚೇರಿಯಲ್ಲೇ ಪಳಗಿದವನು. ಆಕ್ಷೇಪಣೆ ಅರ್ಧ ನಿಮಿಷ ತಡವಾದರೆ ಕಕ್ಷಿದಾರನ ಅರ್ಧ ಎಕರೆ ಹೋಯಿತೆಂದು ತಿಳಿ ಎಂದು ಅವನಿಗೆ ಹೇಳಿಕೊಟ್ಟವನೇ ನಾನು.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಹಿಡಿದೆ. "ಯಾಕೋ ಸುಮ್ಮನಿದ್ದೆ?"

"ಬಿಡಿ ಸರ್."

ನಾನು ಬಿಡಲಿಲ್ಲ. ಅವನು ಬನ್ಸನ್ನು ಚೂರು ಚೂರು ಮಾಡುತ್ತಾ, ತಲೆ ಎತ್ತದೆ ಹೇಳಿದ: "ಇದು ಮೊದಲ ಸಲವಲ್ಲ ಸರ್. ನಾವೆಲ್ಲ ಸುಮ್ಮನಿರುತ್ತೇವೆ."

ಆ "ನಾವೆಲ್ಲ" ಎಂಬ ಮಾತು ಮನೆಗೆ ಬರುವವರೆಗೂ ಜೊತೆಯಲ್ಲೇ ಬಂತು.

ಹೊಸ ಕಾನೂನುಗಳಿಗೆ ಹೆದರಿ ವಕೀಲಿಕೆ ಬಿಟ್ಟೆ ಎಂದು ಕೆಲವರು ಆಡಿಕೊಳ್ಳುತ್ತಿದ್ದಾರಂತೆ. ಅದು ಸುಳ್ಳು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದು, ಕೊಲೆಯ 302 ಹೋಗಿ 103 ಆಯಿತು, ಮೋಸದ 420 ಹೋಗಿ 318 ಆಯಿತು. ಒಂದು ಮಳೆಗಾಲದಲ್ಲಿ ಅಷ್ಟನ್ನೂ ಬಾಯಿಪಾಠ ಮಾಡಿದೆ. (ಊರಿನವರು ಮಾತ್ರ ಮೋಸಗಾರನನ್ನು ಈಗಲೂ ಫೋರ್‌ಟ್ವೆಂಟಿ ಎಂದೇ ಕರೆಯುತ್ತಾರೆ. ಮುನ್ನೂರ ಹದಿನೆಂಟು ಎಂದು ಬೈದರೆ ಯಾರಿಗೆ ತಾಗುತ್ತದೆ?) ನಲವತ್ತು ವರ್ಷದ ಹಿಂದಿನ ಸರ್ವೆ ನಂಬರು ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ. ಕೈಕೊಡುತ್ತಿರುವುದು ಹತ್ತು ನಿಮಿಷದ ಹಿಂದಿನದು.

ಕೋರ್ಟಿನ ಭಾಷೆಯಲ್ಲಿ ನಿವೃತ್ತಿ ಎನ್ನುವುದು ಬೇರೆಯೇ. ಒಂದು ಪ್ರಕರಣದಿಂದ ಹಿಂದೆ ಸರಿಯಬೇಕಾದರೆ ಕಕ್ಷಿದಾರನಿಗೆ ತಿಳಿಸಿ 'ರಿಟೈರ್‌ಮೆಂಟ್ ಮೆಮೊ' ಹಾಕುತ್ತೇವೆ. ಅಂದರೆ ನಾನು ಒಮ್ಮೆ ನಿವೃತ್ತನಾದರೆ ಸಾಲದು, 61 ಕಡತಗಳಿದ್ದವು, 61 ಸಲ ನಿವೃತ್ತನಾಗಬೇಕಿತ್ತು. ಮೆಮೊ ಹಾಕಿ ಯಾರನ್ನೂ ನಡುನೀರಿನಲ್ಲಿ ಬಿಡಲು ಮನಸ್ಸಾಗಲಿಲ್ಲ. ಒಬ್ಬೊಬ್ಬರನ್ನೇ ಕರೆಸಿ, ಅವರು ಹೇಳಿದ ವಕೀಲರ ವಕಾಲತ್ತಿಗೆ ನಿರಾಕ್ಷೇಪಣೆಯ ರುಜು ಹಾಕಿಕೊಟ್ಟೆ. ಗುಮಾಸ್ತ ಕಡತದ ದಾರ ಬಿಚ್ಚಿ, ಪುಟ ಎಣಿಸಿ, ಮತ್ತೆ ಕಟ್ಟಿ ಕೊಡುತ್ತಿದ್ದ. ಕೆಲವರು ಅತ್ತರು. ಇಬ್ಬರು ಹಳೆಯ ಫೀಸಿನ ಬಾಕಿ ನೆನಪಿಸಿಯಾರೆಂದು ಬೇಗ ಹೊರಟುಹೋದರು.

ಒಬ್ಬರು ಮಾತ್ರ ಕಡತ ಮುಟ್ಟಲಿಲ್ಲ. ಅವರಿಗೂ ನನಗೂ ಒಂದೇ ವಯಸ್ಸು, 67. ಮದುವೆಯಾದದ್ದು 1980ರಲ್ಲಿ. ನಮ್ಮ ರಾಜ್ಯ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತಾದರೂ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರ ತಿದ್ದುಪಡಿ ಆ ಬಾಗಿಲು ತೆರೆಯಿತು. ಮರುವರ್ಷವೇ ಇಬ್ಬರು ಅಣ್ಣಂದಿರ ಮೇಲೆ ವಿಭಾಗದ ದಾವೆ ಹಾಕಿದೆವು. ಮೂರನೆಯ ಒಂದು ಪಾಲು ಎಂದು ಡಿಕ್ರಿಯೂ ಆಯಿತು. ಅಣ್ಣಂದಿರ ಮೇಲ್ಮನವಿ ನಡೆಯುತ್ತಿರುವಾಗ, 2015ರಲ್ಲಿ, ತಿದ್ದುಪಡಿಯ ದಿನ ತಂದೆ ಬದುಕಿರಲೇಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿತು. ಇವರ ತಂದೆ ತೀರಿಕೊಂಡದ್ದು 2001ರಲ್ಲಿ. ತಂದೆಯ ಮೂರನೆಯ ಒಂದರಲ್ಲಿ ಮಾತ್ರ ಹಕ್ಕು ಉಳಿದು, ಪಾಲು ಒಂಬತ್ತನೆಯ ಒಂದಕ್ಕೆ ಇಳಿಯಿತು. ಹೈಕೋರ್ಟಿಗೆ ಹೋದೆವು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ, ತಂದೆ ಬದುಕಿರಬೇಕಾಗಿಲ್ಲ, ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂಬ ತೀರ್ಪು ಬಂತು. ಮತ್ತೆ ಮೂರನೆಯ ಒಂದು. ಈಗ ಜಮೀನನ್ನು ನಿಜವಾಗಿ ಅಳೆದು ಕೊಡುವ ಅಂತಿಮ ಡಿಕ್ರಿಯ ಹಂತ. ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆ ಹುಟ್ಟಿದ್ದು ಈ ಹಂತದಲ್ಲೇ ಇರಬೇಕು.

"ಎಂಟು ಜನ ಜಡ್ಜ್ ಬದಲಾದರು, ಕಾನೂನೂ ಬದಲಾಗುತ್ತಲೇ ಬಂತು. ನೀವೊಬ್ಬರು ಇದ್ದಿರಿ. ಈಗ ನೀವೂ ಹೋಗುತ್ತೀರಾ ವಕೀಲರೇ?" ಎಂದರು.

ನನ್ನಲ್ಲಿ ಉತ್ತರವಿರಲಿಲ್ಲ. ಅಳತೆಯ ಕೆಲಸದಲ್ಲಿ ಪಾಟೀಸವಾಲು ಹೆಚ್ಚಿರುವುದಿಲ್ಲ, ನಕ್ಷೆ ಓದಲು ಬಂದರೆ ಸಾಕು ಎಂದು ನನಗೆ ನಾನೇ ವಾದಿಸಿ, ನನ್ನ ಪರವಾಗಿಯೇ ತೀರ್ಪು ಕೊಟ್ಟುಕೊಂಡೆ. "ಇದು ನಿವೃತ್ತಿಯೋ, ರಜೆಯೋ?" ಎಂದು ಹೆಂಡತಿ ಕೇಳಿದಳು. ಅವಳ ಬಾಯಿ ಮುಚ್ಚಿಸಲೆಂದೇ ಹೊಸ ವಕಾಲತ್ತಿನಲ್ಲಿ ನನ್ನ ಹೆಸರಿನ ಕೆಳಗೆ ಕಚೇರಿಯ ಕಿರಿಯ ವಕೀಲೆಯ ಹೆಸರನ್ನೂ ಸೇರಿಸಿದೆ.

ಹೋದ ವಾರ ಭೂಮಾಪಕರು ತೋಟಕ್ಕೆ ಬಂದಿದ್ದರು. ನಾನು ಕೊಡೆ ಹಿಡಿದು ಕಣದ ಅಂಚಿನಲ್ಲಿ ನಿಂತಿದ್ದೆ. ಮೂಲೆಯ ಗೂಟವನ್ನು ಅಗಳದ ಆಚೆ ನೆಡಬೇಕಿತ್ತು, ಈಚೆ ನೆಟ್ಟರು. ಅದು ನನ್ನ ಕಣ್ಣಿಗೆ ಬೀಳುವ ಮೊದಲೇ ಆ ಹುಡುಗಿ ಕೆಸರಿನಲ್ಲಿ ಇಳಿದು ನಕ್ಷೆ ಬಿಡಿಸಿ ಹಿಡಿದಿದ್ದಳು. ಗೂಟ ಕಿತ್ತು ಆಚೆ ನೆಟ್ಟರು.

ಸಂಜೆ ಜೀಪು ಹತ್ತುವಾಗ ಆ ಹೆಂಗಸು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದು, "ಮುಂದಿನ ವಾಯಿದೆ ಯಾವತ್ತು?" ಎಂದು ಕೇಳಿದರು. ಕೇಳಿದ್ದು ಅವಳನ್ನು.