ಗುಟ್ಟನ್ನೇ ಅಚ್ಚು ಹಾಕಿದರೆ ಜಾದೂ ಉಳಿಯುತ್ತಾ?

ಕೊಪ್ಪಳದಲ್ಲಿ ಮಕ್ಕಳಿಗೆ ಜಾದೂ ಹೇಳಿಕೊಡುವ ನನಗೆ ಪೋಷಕರು ಕೇಳುವುದು ಒಂದೇ ಪ್ರಶ್ನೆ: 'ಗುಟ್ಟು ಬಿಟ್ಟುಕೊಡಬಾರದು ಅಂತೀರಿ. ಮತ್ತೆ ಜಾದೂ ಕಲಿಯೋ ಹುಡುಗರಿಗೆ ಅಂತಲೇ ಪತ್ರಿಕೆ ಹೇಗೆ ಬರುತ್ತೆ? ಎಲ್ಲರಿಗೂ ಗೊತ್ತಾಗಲ್ವಾ?'

ಗೊತ್ತಾಗುತ್ತದೆ. ಆದರೂ ಅಂಥ ಪತ್ರಿಕೆ ಬೇಕೇ ಬೇಕು.

ನಮ್ಮ ಕಡೆ ಜಾತ್ರೆಗೆ ಬರುವ ಗಾರುಡಿಗರ ವಿದ್ಯೆ ಅಪ್ಪನಿಂದ ಮಗನಿಗೆ ಬಂದದ್ದು. ಆ ಮನೆಯಲ್ಲಿ ಹುಟ್ಟದ ಹುಡುಗ, ಅದರಲ್ಲೂ ಹುಡುಗಿ, ಯಾರ ಹತ್ತಿರ ಹೋಗಬೇಕು?

ಇಂಗ್ಲೆಂಡಿನಲ್ಲಿ ಇಂಥವರಿಗೆ ಬಾಗಿಲು ತೆರೆದವರು ಒಬ್ಬ ವಕೀಲರು, ಏಂಜೆಲೊ ಲೂಯಿಸ್. 'ಪ್ರೊಫೆಸರ್ ಹಾಫ್‌ಮನ್' ಎಂಬ ಹೆಸರಿನಲ್ಲಿ ಹುಡುಗರ ಪತ್ರಿಕೆಯೊಂದಕ್ಕೆ ಕಂತು ಕಂತಾಗಿ ಬರೆದರು. 1876ರಲ್ಲಿ ಅದು 'ಮಾಡರ್ನ್ ಮ್ಯಾಜಿಕ್' ಪುಸ್ತಕವಾಯಿತು. ಮುಂದಿನ ತಲೆಮಾರಿನ ಎಷ್ಟೋ ಜಾದೂಗಾರರು ಕಲಿತದ್ದು ಅದನ್ನು ಓದಿಯೇ.

ಲಂಡನ್ನಿನ ಜಾದೂಗಾರರ ಸಂಘ ಮ್ಯಾಜಿಕ್ ಸರ್ಕಲ್ ಹುಟ್ಟಿದ್ದು 1905ರಲ್ಲಿ. ಗುಟ್ಟು ಕಾಯುವುದರಲ್ಲಿ ಅದು ಎಷ್ಟು ಬಿಗಿ ಎಂದರೆ, ಸಾಮಾನ್ಯ ಓದುಗರ ಪತ್ರಿಕೆಗೆ ಗುಟ್ಟು ಬರೆದರು ಎಂದು ತನ್ನ ಮೊದಲ ಅಧ್ಯಕ್ಷ ಡೇವಿಡ್ ಡೆವೆಂಟ್ ಅವರನ್ನೇ ಹೊರಗೆ ಹಾಕಿತ್ತು. ಅದೇ ಸರ್ಕಲ್ 1906ರಿಂದ ಸದಸ್ಯರಿಗಾಗಿ ಪತ್ರಿಕೆ ತರುತ್ತಿದೆ. 1991ರವರೆಗೆ ಹೆಂಗಸರಿಗೆ ಅಲ್ಲಿ ಸದಸ್ಯತ್ವವೇ ಇರಲಿಲ್ಲ. 1996ರಲ್ಲಿ ಎಳೆಯರಿಗಾಗಿ ಯಂಗ್ ಮ್ಯಾಜಿಷಿಯನ್ಸ್ ಕ್ಲಬ್ ಶುರುವಾಯಿತು. ಆ ಕ್ಲಬ್ಬಿನ ಪತ್ರಿಕೆಯ ಹೆಸರು 'ಸೀಕ್ರೆಟ್ಸ್'. ಅಮೆರಿಕದಲ್ಲಿ ಎಳೆಯ ಜಾದೂಗಾರರ ಸಂಘ ಇದಕ್ಕೂ ಮೊದಲೇ, 1984ರಲ್ಲಿ, ಹುಟ್ಟಿತ್ತು.

ಗುಟ್ಟು ಸುಮ್ನೆ ತಿಳಿದುಕೊಂಡವರು ನಾಳೆಗೆ ಮರೆಯುತ್ತಾರೆ. ನಾಣ್ಯವನ್ನು ಅಂಗೈಯಲ್ಲಿ ಅಡಗಿಸುವುದು ಹೇಗೆ ಎಂದು ಓದಲು ಎರಡು ನಿಮಿಷ ಸಾಕು. ಆದರೆ ನಾಣ್ಯ ಒಳಗಿದ್ದರೂ ಕೈ ಖಾಲಿ ಕೈಯಂತೆ ಸಡಿಲವಾಗಿ ಕಾಣಬೇಕು. ಅದಕ್ಕೆ ತಿಂಗಳುಗಟ್ಟಲೆ ಕನ್ನಡಿ ಮುಂದೆ ನಿಲ್ಲಬೇಕು. ನಾಣ್ಯ ಇರುವ ಕೈಯನ್ನು ನೀವೇ ನೋಡಿದರೆ ಜನರೂ ಅಲ್ಲೇ ನೋಡುತ್ತಾರೆ. ಹಾಗಾಗಿ ಕಣ್ಣಿಗೂ ತಾಲೀಮು ಬೇಕು. ಪತ್ರಿಕೆ ಓದಿ ಇಷ್ಟು ಬೆವರು ಸುರಿಸುವ ಮಗುವಿನಿಂದ ಜಾದೂಗೆ ಯಾವ ಹಾನಿಯೂ ಇಲ್ಲ.

ಇನ್ನೊಂದು ಒಳ್ಳೆಯ ರೂಢಿಯೂ ಜಾದೂ ಪತ್ರಿಕೆಗಳಲ್ಲಿದೆ. ಟ್ರಿಕ್ ಬರೆಯುವಾಗ ಅದು ಮೊದಲು ಯಾರದು ಎಂದು ಹೆಸರು ಹೇಳಬೇಕು. ಕೈಚಳಕದಷ್ಟೇ ಇದೂ ಮುಖ್ಯ, ಅಲ್ವಾ?

ನಮ್ಮ ಮಕ್ಕಳಿಗೂ ಕನ್ನಡದಲ್ಲಿ ಒಂದು ಕೈಬರಹದ ಪತ್ರಿಕೆ ಶುರು ಮಾಡಿಸಿದ್ದೇನೆ. ಪೋಷಕರು ಓದಲಿ, ಅಡ್ಡಿಯಿಲ್ಲ. ಗವಿಮಠದ ಜಾತ್ರೆಯಲ್ಲಿ ಗಾರುಡಿಗರು ಸಿಕ್ಕರೆ ಅವರನ್ನೂ ಮಾತಾಡಿಸಿ ಬರೆಯಲು ಹೇಳಿದ್ದೇನೆ. ಅವರು ಒಪ್ಪಿದಷ್ಟನ್ನೇ ಬರೆಯಬೇಕು. ಅವರ ಹೆಸರು ಮೇಲಿರಬೇಕು, ಬರೆದವರ ಹೆಸರು ಕೆಳಗೆ.