ಬಿಗಿನ್ ಹೊಡೆದು ಎದ್ದುಹೋದಾಗ

ಇವತ್ತು ಮಧ್ಯಾಹ್ನ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಒಂದು ಟೇಬಲ್‌ಗೆ ಹೊಸ ಕಾಲಂ ಸೇರಿಸಬೇಕಿತ್ತು. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ಕೆಲಸ. ಎಂಟರ್ ಒತ್ತಿದೆ. ಕರ್ಸರ್ ಮಿನುಗುತ್ತಾ ನಿಂತೇಬಿಟ್ಟಿತು.

ಎರಡೇ ನಿಮಿಷಕ್ಕೆ ಫೋನ್ ಶುರು. ಆರ್ಡರ್ ಪೇಜ್ ತೆರೆಯುತ್ತಿಲ್ಲವಂತೆ.

ಡೇಟಾಬೇಸ್‌ನಲ್ಲಿ ಯಾರ್ಯಾರು ಏನು ಮಾಡುತ್ತಿದ್ದಾರೆ ಅಂತ ತೋರಿಸುವ ಪಿಜಿ_ಸ್ಟ್ಯಾಟ್_ಆಕ್ಟಿವಿಟಿ ತೆಗೆದು ನೋಡಿದೆ. ಒಂದು ಸಾಲು ಕಣ್ಣಿಗೆ ಬಿತ್ತು. 'ಐಡಲ್ ಇನ್ ಟ್ರಾನ್ಸಾಕ್ಷನ್'. ಅಂದರೆ ಟ್ರಾನ್ಸಾಕ್ಷನ್ (ಒಟ್ಟಿಗೆ ಮುಗಿಸಬೇಕಾದ ಕೆಲಸಗಳ ಗುಂಪು) ತೆರೆದಿಟ್ಟು ಸುಮ್ನೆ ಕೂತಿದೆ. ಶುರುವಾದದ್ದು ಬೆಳಿಗ್ಗೆ 10:42ಕ್ಕೆ. ಯಾರೋ ಬಿಗಿನ್ ಹೊಡೆದು ಅದನ್ನು ಶುರು ಮಾಡಿ, ಡೇಟಾ ಓದುವ ಸೆಲೆಕ್ಟ್ ಒಂದೇ ಒಂದು ಓಡಿಸಿ, ಕಮಿಟ್ ಮಾಡಿ ಮುಗಿಸದೆ ಎದ್ದುಹೋಗಿದ್ದಾರೆ.

ಬರೀ ಓದಿದ್ದು. ಏನೂ ಬದಲಿಸಿಲ್ಲ. ಆದರೂ ಟೇಬಲ್ ಮೇಲೆ ಸಣ್ಣದೊಂದು ಲಾಕ್ ಹಾಗೇ ಉಳಿದಿತ್ತು. ಕಾಲಂ ಸೇರಿಸುವ ನನ್ನ ಆಲ್ಟರ್ ಟೇಬಲ್ ಆಜ್ಞೆಗೆ ಪೂರ್ತಿ ಲಾಕ್ ಬೇಕು, ಅದು ಕಾಯುತ್ತಾ ನಿಂತಿತು. ಅದರ ಹಿಂದೆ ಬಂದ ಸೆಲೆಕ್ಟ್‌ಗಳೆಲ್ಲ ಕ್ಯೂ. ಸುಮ್ನೆ ಕೂತವರ ಕೈಯಲ್ಲೂ ಏನೋ ಒಂದು ಹಿಡಿತ ಇರುತ್ತದೆ, ಅಲ್ವಾ? ಆ ಸಾಲನ್ನೇ ಸ್ವಲ್ಪ ಹೊತ್ತು ನೋಡುತ್ತಾ ಕೂತೆ.

ಮೊದಲು ನನ್ನ ಆಲ್ಟರ್ ಕ್ಯಾನ್ಸಲ್ ಮಾಡಿದೆ. ಪೇಜ್ ತಕ್ಷಣ ತೆರೆಯಿತು.

ಸುಮ್ನೆ ಕೂತಿದ್ದ ಆ ಸೆಷನ್ ಹೊಸದಾಗಿ ಸೇರಿದ ಹುಡುಗಿಯದ್ದು. "ಸರ್, ನಾನು ನೋಡಿದ್ದು ಅಷ್ಟೇ" ಅಂದಳು. ಮುಖ ಸಪ್ಪಗಾಗಿತ್ತು. "ನಿಂದೇನಿಲ್ಲಮ್ಮ, ಲಾಕ್_ಟೈಮ್‌ಔಟ್ ಹಾಕದೆ ಓಡಿಸಿದ್ದು ನಾನು" ಅಂದೆ. ನಿಜ ಕೂಡ ಅದೇ. ಲಾಕ್‌ಗಾಗಿ ಎಷ್ಟು ಹೊತ್ತು ಕಾಯಬೇಕು ಅನ್ನುವ ಆ ಮಿತಿಯನ್ನು ಎರಡು ಸೆಕೆಂಡ್ ಅಂತ ಇಟ್ಟಿದ್ದರೆ ಆಲ್ಟರ್ ತಾನೇ ಸೋತು ಹಿಂದೆ ಸರಿಯುತ್ತಿತ್ತು. ಸುಮ್ನೆ ಕೂತ ಟ್ರಾನ್ಸಾಕ್ಷನ್‌ಗಳಿಗೂ ಗಡುವು ಹಾಕುವ ಸೆಟ್ಟಿಂಗ್ 9.6ನೇ ಆವೃತ್ತಿಯಿಂದಲೇ ಇದೆ. ಆದರೆ ನಾವೇ ಆನ್ ಮಾಡಬೇಕು. ಇವತ್ತು ಐದು ನಿಮಿಷ ಅಂತ ಇಟ್ಟೆ.

ಅವಳು ಕಮಿಟ್ ಅಂತ ಟೈಪ್ ಮಾಡಿದಳು. ನಾನು ಮತ್ತೆ ಎಂಟರ್ ಒತ್ತಿದೆ. ಕಾಲಂ ಸೇರಲು ಒಂದು ಸೆಕೆಂಡೂ ಹಿಡಿಯಲಿಲ್ಲ.